ಬಚ್ಚಲಲ್ಲಿ ಬಂದ ಮೂರ್ಛೆ

ಕಾರ್ತಿಕದ ಚಳಿ ಶುರುವಾದರೆ ಎಚ್.ಡಿ. ಕೋಟೆ ಸೀಮೆಯ ಎನ್. ಬೇಗೂರಿನಂಥ ಕಾಡಂಚಿನ ಊರುಗಳಲ್ಲಿ ಬೆಳಗಾಗುವುದೇ ಹಂಡೆ ಒಲೆಯ ಹೊಗೆಯೊಂದಿಗೆ. ನೆತ್ತಿಗೆ ಹರಳೆಣ್ಣೆ, ಮೇಲೆ ಸೀಗೆಪುಡಿ, ಆಮೇಲೆ ಹಬೆಯಾಡುವ ನೀರು, ಚೊಂಬಿನ ಮೇಲೆ ಚೊಂಬು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಹೀಗೆ ತಲೆಗೆ ನೀರು ಹಾಕಿಕೊಳ್ಳುವುದು ಹಳೇ ಮೈಸೂರಿನ ಮನೆಮನೆಯ ರೂಢಿ. ಜಗತ್ತಿನ ನರವೈದ್ಯರು ಮೈಸೂರು ಸೀಮೆಯನ್ನು ಗುರುತಿಸಿದ್ದು ಈ ಬಚ್ಚಲಿನ ಮೂಲಕವೇ.

ಕೆಲವರಿಗೆ ನಾಲ್ಕಾರು ಚೊಂಬು ಬೀಳುವಷ್ಟರಲ್ಲಿ ಕಣ್ಣು ಒಂದೆಡೆ ನೆಟ್ಟುಬಿಡುತ್ತದೆ. ಕರೆದರೆ ಓಗೊಡುವುದಿಲ್ಲ. ಎದೆಯೊಳಗೆ ಹೇಳಲಾಗದ ದಿಗಿಲು. ಸಂಬಂಧವಿಲ್ಲದ ಮಾತು ಬಾಯಿಗೆ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಕೇಳಿಸುತ್ತದೆ. ಇನ್ನು ಕೆಲವರು ಕೈಕಾಲು ಸೆಟೆದು ಬಿದ್ದೇಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಎಲ್ಲವೂ ಸರಿ. ಮನೆಯವರಿಗೆ ಮಾತ್ರ ಬಚ್ಚಲಲ್ಲಿ ಗಾಳಿ ಸೋಕಿತೆಂಬ ಅನುಮಾನ ಉಳಿಯುತ್ತದೆ. ತಾಯಿತ ಕಟ್ಟಿಸುತ್ತಾರೆ, ಹೆಣ್ಣುಮಗಳಾದರೆ ಸಂಗತಿಯನ್ನೇ ಮುಚ್ಚಿಡುತ್ತಾರೆ.

ನೀರಿನ ಜಾಡು ಹಿಡಿದವರು

ಬಿಸಿನೀರಿನಿಂದ ಮೂರ್ಛೆ ಬಂದ ಬಾಲಕನೊಬ್ಬನ ವಿವರ 1945ರಲ್ಲೇ ನ್ಯೂಜಿಲೆಂಡಿನಿಂದ ವರದಿಯಾಗಿತ್ತು. ಅಲ್ಲಿ ಅಪರೂಪವಾಗಿದ್ದದ್ದು ಇಲ್ಲಿ ಸಾಮಾನ್ಯ ಎಂದು ಗುರುತಿಸಿದವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ. ಅವರ ತಂಡದ ಮೊದಲ ವರದಿ 1968ರಲ್ಲಿ ಬಂತು. 1972ರಲ್ಲಿ 60 ರೋಗಿಗಳ ವಿವರವಾದ ಅಧ್ಯಯನ ಹೊರಬಿತ್ತು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ಮಂದಿಯ ಅಧ್ಯಯನವನ್ನು ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ಡಾ. ಮಣಿ ಅವರ ತಂಡ ಯಳಂದೂರಿನಲ್ಲಿ ಮನೆಮನೆಗೆ ಹೋಗಿ ಮೂರ್ಛೆರೋಗದ ಸಮೀಕ್ಷೆ ನಡೆಸಿದಾಗಲೂ ಈ ಬಗೆಯ ರೋಗಿಗಳು ಸಿಕ್ಕರು.

ವೈದ್ಯರು ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು: ತಪ್ಪು ನೀರಿನದೋ, ಬಿಸಿಯದೋ? ಹದ ತಪ್ಪಿದ ಬಿಸಿಯೇ ಕಾರಣವೆಂಬುದು ಕ್ರಮೇಣ ತಿಳಿಯಿತು. ನಮ್ಮವರು ತಲೆಗೆ ಸುರಿದುಕೊಳ್ಳುವ ನೀರಿನ ಬಿಸಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಅದನ್ನೂ ಅರ್ಧ-ಒಂದು ಲೀಟರ್ ಪಾತ್ರೆಯಿಂದ ಬಿಡುವಿಲ್ಲದೆ ಹೊಯ್ದುಕೊಳ್ಳುತ್ತಾರೆ. ನಿಮ್ಹಾನ್ಸ್‌ನ ಪ್ರಯೋಗಾಲಯದಲ್ಲಿ ಇಲಿಗಳ ತಲೆಗೆ ಬಿಸಿನೀರು ಹೊಯ್ದಾಗಲೂ ಸೆಳೆತ ಕಾಣಿಸಿಕೊಂಡಿತು.

ಕಾರಣವಿಲ್ಲದ ದಿಗಿಲು

ಮೈಯ ಶಾಖವನ್ನು ಹದದಲ್ಲಿಡುವ ಕೇಂದ್ರ ಮಿದುಳಿನ ತಳಭಾಗದ ಹೈಪೊಥಲಾಮಸ್. ಈ ರೋಗ ಇರುವವರಲ್ಲಿ ಶಾಖ ನಿಯಂತ್ರಣದ ವ್ಯವಸ್ಥೆ ಹುಟ್ಟಿನಿಂದಲೇ ಸೂಕ್ಷ್ಮವಾಗಿರಬೇಕೆಂಬುದು ತಜ್ಞರ ವಿವರಣೆ. ಕೆಲವು ಕುಟುಂಬಗಳಲ್ಲಿ ಇದು ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಂಶೋಧಕರು ಅಂಥ ಕುಟುಂಬಗಳಲ್ಲಿ ಇದರ ಜಾಡನ್ನು 10 ಮತ್ತು 4ನೇ ವರ್ಣತಂತುಗಳವರೆಗೆ ಹಿಂಬಾಲಿಸಿದ್ದಾರೆ.

ನೆತ್ತಿಯ ಬಿಸಿ ಮಿದುಳಿನಲ್ಲಿ ವಿದ್ಯುತ್ ಅಲೆಯನ್ನು ಎಬ್ಬಿಸಿದಾಗ ಅದು ಹೆಚ್ಚಾಗಿ ಕಣತಲೆಯ ಪಕ್ಕದ ಭಾಗವನ್ನು ತಟ್ಟುತ್ತದೆ. ಭಯಕ್ಕೂ ನೆನಪಿಗೂ ಸಂಬಂಧಿಸಿದ ನರಜಾಲ ಇರುವುದು ಅಲ್ಲೇ. ಎನ್. ಬೇಗೂರಿನ ಹಾದಿಯಲ್ಲಿ ಮುಸ್ಸಂಜೆ ಆನೆ ಎದುರಾದರೆ ಎದೆ ಹೊಡೆದುಕೊಳ್ಳುವುದೂ ಆ ಜಾಲದಿಂದಲೇ. ಅಲ್ಲಿ ಆನೆ ಇದೆ, ಬಚ್ಚಲಲ್ಲಿ ಇಲ್ಲ. ಆದರೂ ಅನುಭವಿಸುವವನಿಗೆ ಎರಡೂ ದಿಗಿಲು ಅಷ್ಟೇ ನಿಜ. ಕೆಲವರಿಗೆ ದಿಗಿಲಿನ ಬದಲು ಹಿತವೆನಿಸಿ, ಬೇಡವೆಂದರೂ ಕೇಳದೆ ಪ್ರಜ್ಞೆ ತಪ್ಪುವವರೆಗೆ ಸುರಿದುಕೊಳ್ಳುತ್ತಲೇ ಇರುತ್ತಾರೆ. ಅದನ್ನು ಹಠವೆಂದು ಗದರುವ ತಾಯಿಯ ತಪ್ಪಿಲ್ಲ, ಆ ಮಗುವಿನ ತಪ್ಪೂ ಇಲ್ಲ. ಭಯ, ಸುಖ ಎಂದು ನಾವು ಮನಸ್ಸಿಗೆ ಕಟ್ಟುವುದರಲ್ಲಿ ನರಗಳ ಪಾಲು ಎಷ್ಟು ದೊಡ್ಡದೆಂಬುದನ್ನು ಈ ರೋಗ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ.

ಹದ ತಿಳಿದರೆ ಸಾಕು

ನೀರಿನ ಬಿಸಿ ತಗ್ಗಿಸಿ, ಅವಸರವಿಲ್ಲದೆ ಸ್ನಾನ ಮಾಡಿದರೆ ಬಹಳ ಮಂದಿಗೆ ಮೂರ್ಛೆ ಬರುವುದಿಲ್ಲ. ಅಷ್ಟಕ್ಕೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮುಂಚೆ ತೆಗೆದುಕೊಳ್ಳುವ ಕ್ಲೋಬಜಾಮ್ ಮಾತ್ರೆಯ ಕ್ರಮವೂ ಇದೆ. ಇದಕ್ಕೆ ವೈದ್ಯರ ಸಲಹೆ ಬೇಕೇಬೇಕು. ಕೆಲವರಲ್ಲಿ ಮುಂದೆ ನೀರಿನ ಗೊಡವೆಯಿಲ್ಲದೆಯೂ ಮೂರ್ಛೆ ಬರುವುದುಂಟು, ಅವರಿಗೆ ನಿತ್ಯ ಔಷಧಿ ಬೇಕಾಗುತ್ತದೆ. ಮೂರ್ಛೆ ಬಂದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು. ಬಚ್ಚಲಿನ ಚಿಲಕ ಹಾಕಿಕೊಳ್ಳದಿರುವುದು ಒಳ್ಳೆಯದು.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆದು, ಸುಣ್ಣ-ಜಾಜಿ ಬಳಿದು ಪೂಜಿಸುವ ಸೀಮೆ ನಮ್ಮದು. ಆ ಸಂಭ್ರಮವನ್ನು ಬಿಡಬೇಕಿಲ್ಲ. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡ ಮಗನಿಗೆ, “ನೀರು ಬೆರಸ್ಕೊಳ್ಳೋ ಮಗ” ಎಂದು ತಾಯಿ ಹೇಳಿ, ಬೆರಳದ್ದಿ ನೋಡಿ, ಇನ್ನೊಂದು ಚೊಂಬು ತಣ್ಣೀರು ಸುರಿದರೆ ಅದೇ ಮೊದಲ ಮದ್ದು.