ಮಾತಾಡುವ ಗಾಡಿಗಳು

ಹಿಂದಿನ ಕಾಲದಲ್ಲಿ ರಾತ್ರಿ ಹೊತ್ತು ಎತ್ತಿನ ಗಾಡಿ ಹೊರಟರೆ ಗಾಡಿಯ ಕೆಳಗೆ ಒಂದು ಲಾಟೀನು ನೇತುಹಾಕುತ್ತಿದ್ದರು. ಎತ್ತಿನ ಕೊರಳಲ್ಲಿ ಗಂಟೆ ಇರುತ್ತಿತ್ತು. ಯಾಕೆ? ಬರೀ ಅಂದಕ್ಕಲ್ಲ. "ನಾನು ಬರ್ತಾ ಇದೀನಿ, ನೋಡ್ಕೊಳ್ರಪ್ಪ" ಅಂತ ಎದುರು ಗಾಡಿಗೆ ತಿಳಿಸಲು. ಲಾಟೀನು, ಗಂಟೆ ಇವೇ ಆ ಗಾಡಿಯ ಮಾತು.

ಈಗ ಮೋಟಾರು ಗಾಡಿಗಳ ಕಾಲ. ಹಾರನ್ ಇದೆ, ದೀಪ ಇದೆ. ಆದರೆ ತಿರುವಿನ ಆಚೆ ಇರುವವರಿಗೆ ದೀಪ ಕಾಣುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದೇ ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗುತ್ತದೆ. ಹಾರನ್ ಕೇಳಿ ಬ್ರೇಕ್ ಒತ್ತುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದಕ್ಕೇ ಗಾಡಿಗಳಿಗೆ ಇನ್ನೊಂದು ಮಾತು ಬೇಕಾಯಿತು. ಅದೇ ನಿಸ್ತಂತು ಮಾತು. ನಿಸ್ತಂತು ಅಂದರೆ ತಂತಿ ಇಲ್ಲದ್ದು.

ತಂತಿ ಇಲ್ಲದೆ ಮಾತು ಹೇಗೆ ಹೋಗುತ್ತದೆ? ಕೆರೆಗೆ ಕಲ್ಲು ಎಸೆದು ನೋಡಿ. ಬಿದ್ದ ಕಡೆಯಿಂದ ಸುತ್ತಲೂ ಅಲೆ ಏಳುತ್ತದೆ. ಹಾಗೆಯೇ ಕಣ್ಣಿಗೆ ಕಾಣದ ರೇಡಿಯೋ ಅಲೆಗಳು ಇವೆ. ಅವು ಸುದ್ದಿಯನ್ನು ಹೊತ್ತು ಹೋಗುತ್ತವೆ. ಇದು ನಮಗೆ ಹೊಸದಲ್ಲ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲೇ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ನಿಲಯ ಶುರು ಮಾಡಿದರು. ನಿಮ್ಮ ಮೊಬೈಲ್ ಫೋನಿನ ಮಾತು ಹೋಗುವುದೂ ಇಂಥ ಅಲೆಯ ಮೇಲೆಯೇ.

ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಟೋಲ್ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಈ ಟೋಲ್‌ನಲ್ಲಿ 2023ರ ಜುಲೈ 1ರಿಂದ ಹಣ ಪಡೆಯುತ್ತಿದ್ದಾರೆ. ಕಾರಿನ ಮುಂದಿನ ಗಾಜಿನ ಮೇಲೆ ಒಂದು ಪಟ್ಟಿ ಅಂಟಿಸಿರುವುದನ್ನು ನೋಡಿದ್ದೀರಾ? ಅದಕ್ಕೆ ಫಾಸ್ಟ್ಯಾಗ್ ಅಂತ ಹೆಸರು. ಅದರೊಳಗೆ ಬ್ಯಾಟರಿ ಇಲ್ಲ. ಟೋಲ್‌ನ ಯಂತ್ರ ಅಲೆ ಕಳಿಸುತ್ತದೆ. ಆ ಅಲೆಯ ಶಕ್ತಿಯಿಂದಲೇ ಪಟ್ಟಿ ಎಚ್ಚೆತ್ತು ತನ್ನ ನಂಬರ್ ಹೇಳುತ್ತದೆ. ಹಣ ಖಾತೆಯಿಂದ ಕಡಿತವಾಗುತ್ತದೆ, ಗೇಟು ಏಳುತ್ತದೆ. ಗಾಡಿಯೂ ರಸ್ತೆಯೂ ಮಾತಾಡಿದ್ದು ಅಷ್ಟೇ.

ಇದು ಹಣದ ಮಾತಾಯಿತು. ಜೀವದ ಮಾತು ಬೇರೆ ಇದೆ, ನೋಡಿ.

ಬಸ್ಸಿಗಾಗಿ ಕಾಯುವಾಗ "ಬಸ್ಸು ಎಲ್ಲಿಗೆ ಬಂದೈತೋ ಏನೋ" ಅಂತ ಕೇಳುತ್ತೇವೆ. ಬಸ್ಸಿನೊಳಗೆ ಜಿಪಿಎಸ್ ಎಂಬ ಸಾಧನ ಇದ್ದರೆ ಬಸ್ಸೇ ಉತ್ತರ ಹೇಳುತ್ತದೆ. ಆಕಾಶದಲ್ಲಿ ಉಪಗ್ರಹಗಳು ಸುತ್ತುತ್ತಿವೆ. ಅವು ಕಳಿಸುವ ಅಲೆಗಳನ್ನು ಕೇಳಿ, ತಾನು ಎಲ್ಲಿದ್ದೇನೆ ಅಂತ ಸಾಧನ ಲೆಕ್ಕ ಹಾಕುತ್ತದೆ. ಆಮೇಲೆ ಫೋನಿನಲ್ಲಿರುವಂಥ ಸಿಮ್ ಮೂಲಕ ಆ ಜಾಗವನ್ನು ಕಚೇರಿಗೆ ತಿಳಿಸುತ್ತದೆ. 2012ರಲ್ಲಿ ಮೈಸೂರು ನಗರದ ಸುಮಾರು 500 ಬಸ್ಸುಗಳಿಗೆ ಇದನ್ನು ಹಾಕಿದರು. ಮುಂದಿನ ಬಸ್ಸು ಯಾವಾಗ ಬರುತ್ತದೆ ಅಂತ ನಿಲ್ದಾಣದ ಬೋರ್ಡಿನಲ್ಲಿ ತೋರಿಸಿದರು.

ಕೇಂದ್ರ ಸರ್ಕಾರ ಒಂದು ನಿಯಮ ಮಾಡಿತು. 2019ರ ಜನವರಿ 1ರಿಂದ ನೋಂದಣಿಯಾಗುವ ಪ್ರಯಾಣಿಕರ ಬಸ್ಸು, ಟ್ಯಾಕ್ಸಿಗಳಲ್ಲಿ ಈ ಸಾಧನ ಇರಬೇಕು. ಜೊತೆಗೆ ತುರ್ತು ಗುಂಡಿಯೂ ಇರಬೇಕು. ಆಟೋಗಳಿಗೆ ಈ ನಿಯಮ ಇಲ್ಲ. ಯಾರಾದರೂ ಕಾಟ ಕೊಟ್ಟರೆ, ಗಾಡಿ ಬೇರೆ ದಾರಿ ಹಿಡಿದರೆ, ಅಪಘಾತವಾದರೆ ಗುಂಡಿ ಒತ್ತಬೇಕು. ಗಾಡಿ ಇರುವ ಜಾಗದ ಸುದ್ದಿ ನಿಯಂತ್ರಣ ಕೊಠಡಿಗೆ ಹೋಗುತ್ತದೆ.

ಅಕ್ಕಂದಿರೇ, ಬಸ್ಸು ಹತ್ತಿದಾಗ ಆ ಕೆಂಪು ಗುಂಡಿ ಎಲ್ಲಿದೆ ಅಂತ ಒಮ್ಮೆ ಕಣ್ಣಾಡಿಸಿ. ಮಕ್ಕಳು ಆಟಕ್ಕೆ ಒತ್ತದಂತೆ ನೋಡಿಕೊಳ್ಳಿ. ಗುಂಡಿ ಇದೆ ಅಂತ ಪೂರಾ ನಂಬಿ ಕೂರಲೂ ಬೇಡಿ. ಕೆಟ್ಟಿರಬಹುದು. ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲದಿರಬಹುದು. ಆದ್ದರಿಂದ 112 ಎಂಬ ನಂಬರ್ ಬಾಯಿಗೆ ಬರಬೇಕು. ಆಂಬುಲೆನ್ಸಿಗೆ 108. ನಮ್ಮ ರಾಜ್ಯದಲ್ಲಿ 108 ಶುರುವಾದದ್ದು 2008ರ ನವೆಂಬರ್ 1ರಂದು. ಫೋನು ಮಾಡಿದಾಗ "ಇಲ್ಲೇ, ರೋಡಲ್ಲಿ" ಅಂದರೆ ಸಾಲದು. ಊರಿನ ಹೆಸರು ಹೇಳಿ. ರಸ್ತೆ ಪಕ್ಕದ ಕಲ್ಲಿನ ಮೇಲೆ ಬರೆದಿರುವುದನ್ನು ಓದಿ ಹೇಳಿ. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಈಗ ನಿಮಗೆ ಓದಲು ಬರುತ್ತದಲ್ಲ!

ಇನ್ನು ಗಾಡಿ ಗಾಡಿಗಳೇ ಮಾತಾಡುವ ವಿಷಯ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಬಳಿ ಮಂಜು ಕವಿದಿದೆ ಅಂತ ಇಟ್ಟುಕೊಳ್ಳಿ. ಮುಂದಿನ ಲಾರಿ ಗಕ್ಕನೆ ಬ್ರೇಕ್ ಹಾಕಿತು. ಹಿಂದಿನ ಡ್ರೈವರಿಗೆ ಏನೂ ಕಾಣದು. ಎರಡೂ ಗಾಡಿಯಲ್ಲಿ ಸಾಧನ ಇದ್ದರೆ ಲಾರಿ ತಾನೇ ಹೇಳುತ್ತದೆ: ನಾನು ಇಲ್ಲಿದ್ದೇನೆ, ನಿಂತಿದ್ದೇನೆ. ಹಿಂದಿನ ಗಾಡಿಯಲ್ಲಿ ಕೂಡಲೇ ಎಚ್ಚರಿಕೆ ಸದ್ದಾಗುತ್ತದೆ. ಈ ಸಾಧನ ಒಂದು ಸೆಕೆಂಡಿಗೆ ಸುಮಾರು ಹತ್ತು ಸಲ ಸುದ್ದಿ ಬೀರುತ್ತದೆ. ಸುಮಾರು 300 ಮೀಟರ್ ದೂರ ಮುಟ್ಟುತ್ತದೆ. ನಡುವೆ ಟವರ್ ಬೇಕಿಲ್ಲ. ಅಮೆರಿಕದಲ್ಲಿ 1999ರಲ್ಲೇ ಇದಕ್ಕೆಂದು ಬೇರೆ ಅಲೆಗಳನ್ನು ಮೀಸಲಿಟ್ಟರು. ಜಪಾನಿನಲ್ಲಿ 2015ರಲ್ಲಿ ಇಂಥ ಕಾರು ಮಾರಾಟಕ್ಕೆ ಬಂತು. ನಮ್ಮ ರಸ್ತೆಗಳಲ್ಲಿ ಇದು ಇನ್ನೂ ಬಳಕೆಗೆ ಬಂದಿಲ್ಲ ಅಂತಲೇ ಹೇಳಬೇಕು. ರೈಲಿಗೆ ಮಾತ್ರ ಬಂದಿದೆ. ಅದರ ಹೆಸರು ಕವಚ್. ಡ್ರೈವರ್ ಬ್ರೇಕ್ ಹಾಕದಿದ್ದರೆ ಅದೇ ಹಾಕುತ್ತದೆ. ಮೊದಮೊದಲು ಅಳವಡಿಸಿದ ಹಳಿಗಳಲ್ಲಿ ಕಲಬುರಗಿ ಜಿಲ್ಲೆಯ ವಾಡಿ, ಮತ್ತೆ ಬೀದರ್ ಸೇರಿವೆ.

ಒಂದು ತೊಡಕು ಇದೆ. ಒಂದು ಗಾಡಿ ಮಾತಾಡಿ, ಇನ್ನೊಂದು ಮೂಗಾಗಿದ್ದರೆ ಏನು ಫಲ? ನಮ್ಮ ಕಡೆ ಕಬ್ಬಿನ ಟ್ರಾಕ್ಟರ್ ಇದೆಯಲ್ಲ, ಅದು ಮೂಗ. ಪಾಂಡವಪುರ, ಕೆ.ಆರ್.ಪೇಟೆ ಕಡೆ ಕಬ್ಬು ಅರೆಯುವ ಕಾಲದಲ್ಲಿ ಇರುಳೆಲ್ಲ ಓಡಾಡುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಟ್ರಾಕ್ಟರ್, ಬೈಕು, ಆಟೋ ಬರಬಾರದು ಅಂತ 2023ರ ಆಗಸ್ಟ್ 1ರಿಂದ ತಡೆದರು. ಅವು ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಬೇರೆ ರಸ್ತೆಗಳಲ್ಲಿ ಕತ್ತಲಲ್ಲಿ ನಿಂತ ಟ್ರೇಲರಿಗೆ ಬೈಕು ಗುದ್ದಿದರೆ ಜೀವವೇ ಹೋಗುತ್ತದೆ.

ಮೂಗ ಗಾಡಿಗೂ ಒಂದು ಮಾತು ಕಲಿಸಬಹುದು. ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಟ್ರೇಲರ್ ಹಿಂದೆ ಅಂಟಿಸಿದರೆ ಸಾಲದು, ಕಬ್ಬು ತುಂಬಿದ ಮೇಲೆ ಸೋಗೆಯಡಿ ಮುಚ್ಚಿಹೋಗುತ್ತದೆ. ಒಂದು ಹಲಗೆಗೆ ಅಂಟಿಸಿ, ಹೊರೆಯ ಹಿಂದೆ ಹೊರಗೆ ಕಾಣುವಂತೆ ಕಟ್ಟಬೇಕು. ಮನೆಯಲ್ಲಿ ಟ್ರಾಕ್ಟರ್ ಇದ್ದರೆ ಅದು ಹೊರಡುವ ಮುಂಚೆ ಹಿಂದೆ ಹೋಗಿ, ಟಾರ್ಚು ಬಿಟ್ಟು ನೋಡಿ. ಹೊಳೆಯದಿದ್ದರೆ ಕಟ್ಟಿಸಿಯೇ ಕಳಿಸಿ.