ಮೃತ್ಯುದೇವತೆಯ ಸನ್ನಿಧಿಯಲ್ಲಿ ಪ್ರಾರ್ಥನೆ: ಕಾಶಿ ಮತ್ತು ಪ್ರಾಚೀನ ಈಜಿಪ್ಟ್

ಪ್ರಾರ್ಥನೆಯ ನಿಜಸ್ವರೂಪವನ್ನು ಅರಿಯಬೇಕಾದರೆ ಮನುಷ್ಯನು ಮರಣದ ಎದುರಿನಲ್ಲಿ ಏನನ್ನು ಬೇಡುತ್ತಾನೆ ಎಂಬುದನ್ನು ಗಮನಿಸಬೇಕು. ಮಳೆ, ಬೆಳೆ, ಸಂತಾನಗಳಿಗಾಗಿ ಸಲ್ಲಿಸುವ ಪ್ರಾರ್ಥನೆಯ ಫಲ ಈ ಲೋಕದಲ್ಲಿಯೇ ಕಾಣಬೇಕು. ಮರಣಕಾಲದ ಪ್ರಾರ್ಥನೆಗೆ ಅಂಥ ಪ್ರಮಾಣವಿಲ್ಲ. ಆದುದರಿಂದಲೇ ಅಲ್ಲಿ ಆಯಾ ಧರ್ಮದ ನ್ಯಾಯಕಲ್ಪನೆ ಹಾಗೂ ಕರುಣೆಯ ಕಲ್ಪನೆಗಳೆರಡೂ ನಿಚ್ಚಳವಾಗಿ ಗೋಚರಿಸುತ್ತವೆ. ಈ ದೃಷ್ಟಿಯಿಂದ ಕಾಶಿಯನ್ನೂ ಪ್ರಾಚೀನ ಈಜಿಪ್ಟನ್ನೂ ಒಟ್ಟಿಗೆ ಇರಿಸಿ ನೋಡುವುದು ಉಪಯುಕ್ತವಾದೀತು. ಇವೆರಡರ ನಡುವೆ ಚಾರಿತ್ರಿಕ ಸಂಬಂಧವನ್ನು ಕಲ್ಪಿಸುವುದು ಇಲ್ಲಿನ ಉದ್ದೇಶವಲ್ಲ; ಒಂದೇ ಪ್ರಶ್ನೆಗೆ ಎರಡು ಸಂಸ್ಕೃತಿಗಳು ನೀಡಿದ ಉತ್ತರಗಳನ್ನು ಹೋಲಿಸುವುದಷ್ಟೇ ಉದ್ದೇಶ.

ನೈಲ್ ನದಿ ಉತ್ತರಾಭಿಮುಖವಾಗಿ ಹರಿಯುತ್ತದೆ. ಕಾಶಿಯಲ್ಲಿ ಗಂಗೆಯೂ ಉತ್ತರವಾಹಿನಿ. ಆದರೆ ಥೀಬ್ಸ್ ನಗರದಲ್ಲಿ ಬದುಕಿರುವವರ ನೆಲೆ ಬಹುಮಟ್ಟಿಗೆ ಪೂರ್ವದಂಡೆಯಲ್ಲಿದ್ದು, ಸಮಾಧಿಗಳು ಸೂರ್ಯ ಮುಳುಗುವ ಪಶ್ಚಿಮದಂಡೆಗೆ ಸೇರಿದ್ದವು. ಮೃತರ ಒಡೆಯನಾದ ಒಸೈರಿಸನಿಗೆ 'ಪಶ್ಚಿಮದವರಲ್ಲಿ ಅಗ್ರಗಣ್ಯ' ಎಂಬರ್ಥದ ಬಿರುದೂ ಇತ್ತು. ಕಾಶಿಯಲ್ಲಾದರೋ ಮಣಿಕರ್ಣಿಕಾ ಮತ್ತು ಹರಿಶ್ಚಂದ್ರ ಘಾಟುಗಳೆಂಬ ಎರಡು ಸ್ಮಶಾನಗಳು ಊರ ಹೊರಗಿಲ್ಲ. ಮಜ್ಜನ, ಪೂಜೆ, ವ್ಯಾಪಾರಗಳ ನಡುವೆಯೇ ಚಿತೆಗಳು ಉರಿಯುತ್ತವೆ. ಯಮನ ದಿಕ್ಕು ದಕ್ಷಿಣವೆಂಬ ನಂಬಿಕೆ ಇಲ್ಲಿಯೂ ಉಂಟಾದರೂ, ಯಮನ ಅಧಿಕಾರ ಈ ಕ್ಷೇತ್ರದೊಳಗೆ ನಡೆಯದೆಂಬುದು ಕಾಶಿಯ ಪರಂಪರೆಯ ಮುಖ್ಯ ಪ್ರತಿಪಾದನೆಯಾಗಿದೆ.

ಯಮ ಮತ್ತು ಒಸೈರಿಸ್ ಇಬ್ಬರೂ ಮೂಲತಃ ಸಾವನ್ನು ಕಂಡವರೆಂಬುದು ಗಮನಾರ್ಹ. ವೈದಿಕ ಪರಂಪರೆಯಲ್ಲಿ ಯಮನು ಮರ್ತ್ಯರಲ್ಲಿ ಮೊದಲು ಮೃತನಾಗಿ ಪಿತೃಲೋಕದ ದಾರಿಯನ್ನು ಕಂಡುಹಿಡಿದವನು. ಅವನು ದಂಡಧರನಾಗಿ, ಚಿತ್ರಗುಪ್ತನೆಂಬ ಲೆಕ್ಕಿಗನನ್ನು ಪಡೆದದ್ದು ಅನಂತರದ ಬೆಳವಣಿಗೆ. ಒಸೈರಿಸನೂ ಸೋದರನಾದ ಸೇಥನಿಂದ ಹತನಾಗಿ, ಐಸಿಸಳ ಪ್ರಯತ್ನದಿಂದ ಮರುಜೀವ ಪಡೆದು ಪರಲೋಕದ ಅರಸನಾದನು. ಸಾವನ್ನು ಅನುಭವಿಸಿದವನೇ ಸತ್ತವರನ್ನು ಆಳಲು ಅರ್ಹನೆಂಬ ಭಾವನೆ ಎರಡೂ ಕಡೆ ಇದ್ದಂತೆ ತೋರುತ್ತದೆ.

ಈಜಿಪ್ಟಿನ ಮರಣೋತ್ತರ ಮಂತ್ರಗಳ ಅತಿ ಹಳೆಯ ಸಂಗ್ರಹ ಸಕ್ಕಾರದಲ್ಲಿರುವ ಉನಾಸ್ ದೊರೆಯ ಪಿರಮಿಡ್ಡಿನ ಗೋಡೆಗಳ ಮೇಲಿದೆ. ಅದು ಸುಮಾರು ಕ್ರಿ.ಪೂ. 2350ರದು. ದೊರೆಗೆ ಮೀಸಲಾಗಿದ್ದ ಈ ಬಗೆಯ ಮಂತ್ರಗಳು ಮುಂದೆ ಇತರರಿಗೂ ದೊರೆತು, 'ಮೃತರ ಪುಸ್ತಕ'ವೆಂದು ಹೆಸರಾದ ಪಪೈರಸ್ ಸುರುಳಿಗಳ ರೂಪವನ್ನೂ ತಾಳಿದವು. ಅದರ 125ನೆಯ ಅಧ್ಯಾಯದಲ್ಲಿ ಮೃತನು 42 ದೇವತೆಗಳ ಮುಂದೆ ತಾನು ಕೊಲ್ಲಲಿಲ್ಲ, ಕದಿಯಲಿಲ್ಲ, ಸುಳ್ಳಾಡಲಿಲ್ಲವೆಂದು ಒಂದೊಂದಾಗಿ ನಿರಾಕರಿಸುತ್ತಾನೆ. ನರಿಮೊಗದ ಅನೂಬಿಸ್ ತಕ್ಕಡಿಯಲ್ಲಿ ಅವನ ಹೃದಯವನ್ನು ಸತ್ಯದೇವತೆಯಾದ ಮಾತ್‌ಳ ಗರಿಯೊಂದಿಗೆ ತೂಗುತ್ತಾನೆ, ಥಾತ್ ಬರೆದುಕೊಳ್ಳುತ್ತಾನೆ, ಸೋತವನ ಹೃದಯ ಅಮ್ಮಿತ್ ಎಂಬ ಮೃಗಕ್ಕೆ ಆಹಾರವಾಗುತ್ತದೆ. ಇಷ್ಟು ಕಠಿಣವಾದ ನ್ಯಾಯದ ಪಕ್ಕದಲ್ಲಿಯೇ ಇನ್ನೊಂದು ಮಂತ್ರವಿದೆ: ವಿಚಾರಣೆಯ ವೇಳೆ ತನಗೆ ವಿರುದ್ಧವಾಗಿ ಸಾಕ್ಷಿ ನುಡಿಯಬೇಡವೆಂದು ಮೃತನು ತನ್ನ ಹೃದಯವನ್ನೇ ಬೇಡಿಕೊಳ್ಳುವ ಮಂತ್ರ. ಜೀರುಂಡೆಯಾಕಾರದ ತಾಯಿತದ ಮೇಲೆ ಅದನ್ನು ಕೆತ್ತಿ ಶವದ ಎದೆಯ ಬಳಿ ಇರಿಸುತ್ತಿದ್ದರು. ಪ್ರಾರ್ಥನೆ ಸತ್ಯವನ್ನು ಒಪ್ಪಿಸುವುದೋ, ಮುಚ್ಚುವುದೋ ಎಂಬ ತೊಡಕು ಇಲ್ಲಿ ತಲೆದೋರುತ್ತದೆ.

ಇದೇ ತೊಡಕು ಕಾಶಿಯಲ್ಲಿ ಬೇರೊಂದು ರೂಪದಲ್ಲಿದೆ. ಇಲ್ಲಿ ಮೃತರಾಗುವವರ ಕಿವಿಯಲ್ಲಿ ಶಿವನೇ ತಾರಕಮಂತ್ರವನ್ನು ಉಪದೇಶಿಸುವನೆಂದು ನಂಬಿಕೆ. ಅಂದರೆ ಪ್ರಾರ್ಥನೆಯ ದಿಕ್ಕೇ ತಿರುಗುತ್ತದೆ. ಮನುಷ್ಯನು ದೇವರಿಗೆ ನುಡಿಯುವುದಿಲ್ಲ, ದೇವರು ಮನುಷ್ಯನಿಗೆ ನುಡಿಯುತ್ತಾನೆ. ಹಾಗಾದರೆ ಪಾಪಿಗೂ ಪುಣ್ಯವಂತನಿಗೂ ಭೇದವೇನು? ಪರಂಪರೆಯ ಉತ್ತರ 'ಭೈರವೀ ಯಾತನೆ'. ಕ್ಷೇತ್ರಪಾಲನಾದ ಕಾಲಭೈರವನು ಜನ್ಮಾಂತರಗಳ ಕರ್ಮಫಲವನ್ನು ಕ್ಷಣಮಾತ್ರದಲ್ಲಿ ಉಣ್ಣಿಸಿಬಿಡುತ್ತಾನೆ. ದಂಡನೆ ತಪ್ಪುವುದಿಲ್ಲ, ಅದರ ಕಾಲ ಮಾತ್ರ ಕುಗ್ಗುತ್ತದೆ. ಕರುಣೆ ಮತ್ತು ನ್ಯಾಯಗಳೆರಡನ್ನೂ ಉಳಿಸಿಕೊಳ್ಳುವ ಪರಿಹಾರವಿದು.

ಈ ಪರಿಹಾರವನ್ನು ಒಪ್ಪದವರೂ ಕಾಶಿಯಲ್ಲಿಯೇ ಇದ್ದರು. ಕಬೀರನು ಬಾಳಿನ ಕೊನೆಯಲ್ಲಿ, ಸತ್ತವರಿಗೆ ಕತ್ತೆಯ ಜನ್ಮ ಬರುವುದೆಂಬ ಅಪಖ್ಯಾತಿಯಿದ್ದ ಮಗಹರಕ್ಕೆ ಬೇಕೆಂದೇ ಹೋದನೆಂದು ಐತಿಹ್ಯ. ಸ್ಥಳವಲ್ಲ, ಅಂತರಂಗವೇ ಮುಖ್ಯವೆಂಬುದು ಅದರ ತಾತ್ಪರ್ಯ. ಇದೇ ನಗರದ ಮುಸಲ್ಮಾನರು ಸಲ್ಲಿಸುವ ಜನಾಜಾ ನಮಾಜಿನಲ್ಲಿ ಬಾಗುವುದಾಗಲಿ ಸಾಷ್ಟಾಂಗವಾಗಲಿ ಇಲ್ಲ; ನಿಂತೇ ಮೃತನಿಗಾಗಿ ಕ್ಷಮೆ ಕೋರುತ್ತಾರೆ. ಅಲ್ಲಿ ಬೇಡುವವನು ಮೃತನಲ್ಲ, ಬದುಕಿರುವ ಸಮುದಾಯ. ಕನ್ನಡ ನಾಡಿನೊಡನೆ ನಿಕಟ ನಂಟುಳ್ಳ ಜಂಗಮವಾಡಿ ಮಠವು ಪ್ರತಿನಿಧಿಸುವ ವೀರಶೈವ ಸಂಪ್ರದಾಯದಲ್ಲಿ ಮರಣವೆಂದರೆ ಲಿಂಗೈಕ್ಯ. ಇಷ್ಟಲಿಂಗಸಹಿತವಾಗಿ ಸಮಾಧಿಗೊಳ್ಳುವ ದೇಹಕ್ಕೆ ಯಮನ ವಿಚಾರಣೆಯ ಭಯವಿಲ್ಲ.

ಕನ್ನಡ ಕಾವ್ಯಪರಂಪರೆ ಈ ಚರ್ಚೆಗೆ ನೀಡಿದ ಉತ್ತರ 13ನೆಯ ಶತಮಾನದ ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿದೆ. ವೀರಬಾಹುವಿಗೆ ಮಾರಿಕೊಂಡ ಅರಸನು ಕಾಶಿಯ ಸ್ಮಶಾನವನ್ನು ಕಾಯುತ್ತಾನೆ; ಹಾವು ಕಚ್ಚಿ ಸತ್ತ ಮಗ ಲೋಹಿತಾಶ್ವನ ಶವಕ್ಕೂ ತೆರೆಯನ್ನು ಕೇಳುತ್ತಾನೆ; ಒಡೆಯನ ಆಣತಿಯಂತೆ ಚಂದ್ರಮತಿಯ ಮೇಲೆ ಕತ್ತಿಯೆತ್ತುತ್ತಾನೆ. ವಿಶ್ವನಾಥನು ಪ್ರತ್ಯಕ್ಷನಾಗುವುದು ಆ ಬಳಿಕ. ಮುಕ್ತಿಯನ್ನು ಅನಾಯಾಸವಾಗಿ ಕೊಡುವುದೆಂದು ಹೆಸರಾದ ಕ್ಷೇತ್ರದಲ್ಲಿಯೇ ಕವಿ ಸತ್ಯದ ಅತ್ಯಂತ ಕಠಿಣ ಪರೀಕ್ಷೆಯನ್ನು ನಡೆಸಿದ್ದಾನೆ. ಮಾತ್‌ಳ ಗರಿಯ ಎದುರು ಈಜಿಪ್ಟಿನವನು ಹೃದಯಕ್ಕೆ ಮೌನವನ್ನು ಬೇಡಿದರೆ, ಹರಿಶ್ಚಂದ್ರನು ಹೃದಯವನ್ನೇ ತಕ್ಕಡಿಗೆ ಇಡುತ್ತಾನೆ. ಪ್ರಾರ್ಥನೆಯು ಶಿಕ್ಷೆಯಿಂದ ಪಾರಾಗುವ ಉಪಾಯವಾಗದೆ ಬದುಕಿನ ನಡೆಯೇ ಆದಾಗ ಮೃತ್ಯುದೇವತೆಗೆ ಕೇಳಲು ಹೊಸ ಪ್ರಶ್ನೆಗಳು ಉಳಿಯುವುದಿಲ್ಲ.