ಕೆಂಡದಲ್ಲಿ ಸುಟ್ಟ ಬದನೆಕಾಯಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರವೆಂಬ ಬೆಟ್ಟವೊಂದುಂಟು. ರಾವಣನೊಡನೆ ಹೋರಾಡಿ ಜಟಾಯು ಬಿದ್ದ ಸ್ಥಳ ಇದೇ ಎಂದು ಜನರ ನಂಬಿಕೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿ ಅಶೋಕನ ಶಾಸನವನ್ನು ಗುರುತಿಸಿದ ಮೇಲೆ ಇತಿಹಾಸದ ವಿದ್ಯಾರ್ಥಿಗಳಿಗೂ ಈ ಹೆಸರು ಪರಿಚಿತವಾಯಿತು. ಭೌತಶಾಸ್ತ್ರದ ವಿದ್ಯಾರ್ಥಿಗೆ ಈ ಬೆಟ್ಟದಲ್ಲಿ ಬೇರೊಂದು ಸ್ವಾರಸ್ಯವಿದೆ. ಅದರ ನೆತ್ತಿ ಸಮುದ್ರಮಟ್ಟದಿಂದ ಸುಮಾರು ಒಂದು ಸಾವಿರ ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ವಾಯುವಿನ ಒತ್ತಡ ಕಡಿಮೆ. ಮಂಗಳೂರಿನ ಕಡಲತೀರದಲ್ಲಿ 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವ ನೀರು ಇಲ್ಲಿ ಸುಮಾರು 97 ಡಿಗ್ರಿಯಲ್ಲಿಯೇ ಕುದಿಯಲಾರಂಭಿಸುತ್ತದೆ.

ಮೂರು ಡಿಗ್ರಿಗಳ ಅಂತರ ಅಲ್ಪವೆಂದು ತೋರಬಹುದು. ಆದರೆ ಬೇಳೆಯನ್ನು ಬೇಯಿಸುವವರಿಗೆ ಅದರ ಪರಿಣಾಮ ತಿಳಿಯದೆ ಇರದು. ಇನ್ನಷ್ಟು ಸೌದೆ ಒಟ್ಟಿದರೆ ಬೇಗ ಬೇಯುವುದೆಂದು ಭಾವಿಸುವುದು ಸಹಜವೇ; ಆದರೆ ಕುದಿಯುತ್ತಿರುವ ನೀರಿಗೆ ಎಷ್ಟು ಶಾಖ ಕೊಟ್ಟರೂ ಅದರ ಉಷ್ಣತೆ ಏರುವುದಿಲ್ಲ. ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲಿಯೇ ಮುಗಿಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಬೇಕು. ಇದಕ್ಕೆ ಗುಪ್ತ ಶಾಖವೆಂದು ಹೆಸರು. ಅಂದಮೇಲೆ ನೀರಿನಲ್ಲಿ ಬೇಯಿಸುವ ಅಡಿಗೆಗೆ ಪ್ರಕೃತಿಯೇ ಒಂದು ಮಿತಿಯನ್ನು ಹಾಕಿಟ್ಟಿದೆ. ಪ್ರೆಷರ್ ಕುಕ್ಕರು ಒತ್ತಡವನ್ನು ಹೆಚ್ಚಿಸಿ ಈ ಮಿತಿಯನ್ನು 120 ಡಿಗ್ರಿಯವರೆಗೆ ಮೇಲಕ್ಕೆ ತಳ್ಳುತ್ತದೆ, ಅಷ್ಟೆ. ಕೆಂಡಕ್ಕಾದರೋ ಈ ಮಿತಿಯಿಲ್ಲ. ಬೆಟ್ಟದ ಬುಡದಲ್ಲಿಯೂ ನೆತ್ತಿಯಲ್ಲಿಯೂ ಬದನೆಕಾಯಿಯ ಸಿಪ್ಪೆ ಒಂದೇ ಬಗೆಯಾಗಿ ಕಪ್ಪಾಗುತ್ತದೆ.

ಸಂಕ್ರಾಂತಿಯ ಕಾಲಕ್ಕೆ ಬದನೆಕಾಯಿ ಹೇರಳ. ಉತ್ತರ ಕರ್ನಾಟಕದಲ್ಲಿ ಹಬ್ಬದ ಹಿಂದಿನ ದಿನವಾದ ಭೋಗಿಯಂದು ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ಜೊತೆಗೆ ಬದನೆಕಾಯಿ ಇರಲೇಬೇಕು. (ಚಾತುರ್ಮಾಸ್ಯದ ವ್ರತ ಹಿಡಿದವರು ಬಿಟ್ಟಿದ್ದ ಬದನೆಗೆ ಆ ವೇಳೆಗೆ ಬಿಡುಗಡೆಯೂ ದೊರೆತಿರುತ್ತದೆ.) ಅದನ್ನು ಎಣ್ಣೆಗಾಯಿ ಮಾಡಬಹುದು, ಪಲ್ಯ ಮಾಡಬಹುದು, ಆದರೆ ಕೆಂಡದಲ್ಲಿ ಸುಟ್ಟು ಮಾಡಿದ ಗೊಜ್ಜಿಗಿರುವ ಕಂಪು ಬೇರಾವುದಕ್ಕೂ ಬಾರದು. ಈ ಕಂಪು ಎಲ್ಲಿಂದ ಬಂದಿತು? ಅದೇ ಕಾಯಿ, ಅದೇ ಉಪ್ಪು. ನೀರಿನಲ್ಲಿ ಬೆಂದಾಗ ಸಪ್ಪೆಯಾದುದು ಸುಟ್ಟಾಗ ಹೇಗೆ ರುಚಿಯಾಯಿತು?

ಬದನೆಕಾಯಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಭಾಗ ನೀರೇ ಇದೆ. ಕೆಂಡಕ್ಕೆ ತಗುಲಿದ ಸಿಪ್ಪೆಯಲ್ಲಿ ಸ್ವಲ್ಪ ತೇವವಿರುವವರೆಗೂ ಅದರ ಉಷ್ಣತೆ ನೀರಿನ ಕುದಿಯುವ ಬಿಂದುವನ್ನು ದಾಟಲಾರದು. ತೇವ ಆರಿದೊಡನೆ ತಡೆ ತೊಲಗಿ ಆ ಜಾಗದ ಉಷ್ಣತೆ ಸರ್ರನೆ ಏರುತ್ತದೆ. ಸುಮಾರು 140 ಡಿಗ್ರಿ ದಾಟಿದ ಮೇಲೆ ಕಾಯಿಯಲ್ಲಿರುವ ಸಕ್ಕರೆಯ ಅಂಶಗಳೂ ಅಮೈನೋ ಆಮ್ಲಗಳೂ ಶೀಘ್ರವಾಗಿ ಕೂಡಿಕೊಂಡು ಕಂದುಬಣ್ಣದ, ಸುವಾಸನೆಯುಳ್ಳ ನೂರಾರು ಹೊಸ ವಸ್ತುಗಳಾಗುತ್ತವೆ. ಈ ಕ್ರಿಯೆಯನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಾಮಿಲ್ ಮೈಯಾರ್ 1912ರಲ್ಲಿ ವರ್ಣಿಸಿದನು. ಹುರಿದ ಕಾಫಿಬೀಜ, ರೊಟ್ಟಿಯ ಮೇಲಿನ ಚುಕ್ಕೆ, ಹುರಿದ ಕಡಲೆಕಾಯಿ ಇವೆಲ್ಲದರ ಪರಿಮಳದ ಹಿಂದೆ ಇರುವುದು ಇದೇ ಕ್ರಿಯೆ. ಕುದಿಯುವ ನೀರಿನ ಉಷ್ಣತೆಯಲ್ಲಿ ಇದು ಬಹು ನಿಧಾನ. ಬೆಂದ ಬದನೆಕಾಯಿಗೆ ಆ ಕಂಪು ಇಲ್ಲದಿರಲು ಕಾರಣವಿಷ್ಟೆ.

ಆದರೆ ಸಿಪ್ಪೆಯ ಒಳಗೆ ನಡೆಯುವುದು ಬೇರೆಯ ಕಥೆ. ಅಲ್ಲಿ ನೀರು ಧಾರಾಳವಾಗಿರುವುದರಿಂದ ತಿರುಳು ಕುದಿಯುವ ಬಿಂದುವನ್ನು ಎಂದೂ ದಾಟುವುದಿಲ್ಲ. ಹೊರಗೆ ಸುಡುತ್ತಿದೆ, ಒಳಗೆ ಬೇಯುತ್ತಿದೆ. ಒಂದೇ ಕಾಯಿಯಲ್ಲಿ ಎರಡು ಅಡಿಗೆ! ಸುಡುವುದರ ಜಾಣ್ಮೆಯೆಲ್ಲ ಇವೆರಡನ್ನೂ ಒಂದೇ ವೇಳೆಗೆ ಮುಗಿಸುವುದರಲ್ಲಿದೆ.

ಬದನೆಯ ತಿರುಳನ್ನು ಸೂಕ್ಷ್ಮವಾಗಿ ನೋಡಿದರೆ ಅದು ಸ್ಪಂಜಿನಂತಿದೆ. ಜೀವಕೋಶಗಳ ನಡುವೆ ಗಾಳಿ ತುಂಬಿಕೊಂಡಿರುವುದರಿಂದಲೇ ಕಾಯಿ ನೀರಿನಲ್ಲಿ ತೇಲುತ್ತದೆ. ಗಾಳಿಯು ಶಾಖವನ್ನು ಸುಲಭವಾಗಿ ಸಾಗಿಸದು. ಆದುದರಿಂದ ಮೊದಲ ಕೆಲವು ನಿಮಿಷ ಸಿಪ್ಪೆ ಕರಿಕಾದರೂ ಒಳಗೆ ತಣ್ಣಗಿರುತ್ತದೆ. ಅನಂತರ ಹೊರಪದರದಲ್ಲಿ ಹುಟ್ಟಿದ ಆವಿ ಆ ಸಣ್ಣ ಸಣ್ಣ ಸಂದುಗಳ ಮೂಲಕ ಒಳಕ್ಕೆ ನುಗ್ಗಿ, ತಣ್ಣನೆಯ ತಿರುಳನ್ನು ಮುಟ್ಟಿ ಮತ್ತೆ ನೀರಾಗುತ್ತದೆ. ಹಾಗೆ ನೀರಾಗುವಾಗ ತನ್ನಲ್ಲಿ ಅಡಗಿದ್ದ 540 ಕ್ಯಾಲೊರಿಗಳನ್ನೂ ಅಲ್ಲಿಯೇ ಬಿಟ್ಟುಕೊಡುತ್ತದೆ. ಮೊದಲು ಶಾಖವನ್ನು ತಡೆಯುತ್ತಿದ್ದ ಸಂದುಗಳೇ ಈಗ ಅದಕ್ಕೆ ಹೆದ್ದಾರಿಯಾದುವು. ಜೀವಕೋಶಗಳನ್ನು ಬೆಸೆದಿದ್ದ ಪೆಕ್ಟಿನ್ ಎಂಬ ವಸ್ತು ಕರಗಿ, ಗಾಳಿ ಹೊರಬಿದ್ದು, ಅದುವರೆಗೆ ಬಿಗಿಯಾಗಿದ್ದ ಕಾಯಿ ನೋಡುತ್ತಿದ್ದಂತೆಯೇ ಕುಸಿದು ಬೀಳುತ್ತದೆ. ಅಡಿಗೆಯಲ್ಲಿ ನುರಿತ ಹೆಂಗಸರು ಗಡಿಯಾರವನ್ನು ನೋಡದೆ ಈ ಕುಸಿತವನ್ನೇ ನೋಡುವುದು ಬಹು ಸರಿಯಾದ ಪದ್ಧತಿ.

ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹೊರಬರಲು ದಾರಿಯಿಲ್ಲದಿದ್ದರೆ ಕಾಯಿ ಸಿಡಿದು ಬಿಸಿ ತಿರುಳು ಮುಖಕ್ಕೆ ಎರಚಬಹುದು. ಸುಡುವ ಮೊದಲು ಚಾಕುವಿನ ತುದಿಯಿಂದ ನಾಲ್ಕಾರು ಕಡೆ ಚುಚ್ಚತಕ್ಕದ್ದು. ತೊಟ್ಟನ್ನು ಕತ್ತರಿಸಬಾರದು, ಕಾಯಿಯನ್ನು ಹೊರಳಿಸಲು ಅದೇ ಹಿಡಿ.

ಈಗ ಕೆಂಡದ ವಿಚಾರ. ಕೆಂಡದಿಂದ ಕಾಯಿಗೆ ಬರುವ ಶಾಖದಲ್ಲಿ ಬಹುಭಾಗ ವಿಕಿರಣದ ಮೂಲಕ ಬರುತ್ತದೆ. 1879ರಲ್ಲಿ ಸ್ಟೆಫಾನ್ ಕಂಡುಕೊಂಡ ನಿಯಮದಂತೆ, ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ಕೆಂಪಗೆ ಹೊಳೆಯುವ ಕೆಂಡದ ಉಷ್ಣತೆ 1,000 ಕೆಲ್ವಿನ್, ಎಂದರೆ 727 ಡಿಗ್ರಿ ಸೆಂಟಿಗ್ರೇಡ್, ಎಂದಿಟ್ಟುಕೊಳ್ಳೋಣ. ಅದು 800 ಕೆಲ್ವಿನ್ನಿಗೆ ಇಳಿದರೆ ವಿಕಿರಣ ಐದನೆಯ ಒಂದು ಪಾಲಿನಷ್ಟು ಮಾತ್ರ ಕಡಿಮೆಯಾಯಿತೆಂದು ತಿಳಿಯಬೇಡಿ. 0.8ನ್ನು ನಾಲ್ಕು ಬಾರಿ ಗುಣಿಸಿ ನೋಡಿ: ಉಳಿಯುವುದು ನೂರಕ್ಕೆ ನಲವತ್ತೊಂದು ಪಾಲು ಮಾತ್ರ. ಒಮ್ಮೆ ಬೀಸಣಿಗೆ ಬೀಸಿದರೆ ಸುಡುವಿಕೆ ಅಷ್ಟೊಂದು ಚುರುಕಾಗುವುದೂ, ಬೂದಿ ಮುಚ್ಚಿದರೆ ಅಷ್ಟೊಂದು ಮಂದವಾಗುವುದೂ ಈ ನಿಯಮದಿಂದಲೇ. ಉರಿಯುವ ಸೌದೆಯ ಜ್ವಾಲೆಯಲ್ಲಿ ಮಾತ್ರ ಸುಡಬೇಡಿ. ಜ್ವಾಲೆ ಮಸಿಯನ್ನು ಬಳಿಯುತ್ತದೆ. ಶಾಖವೂ ಒಂದೇ ಸಮನಾಗಿ ತಗಲುವುದಿಲ್ಲ.

ಮನೆಯಲ್ಲಿ ತಕ್ಕಡಿಯಿದ್ದವರು ಇದೊಂದು ಪ್ರಯೋಗ ಮಾಡಬಹುದು. ಸುಡುವ ಮೊದಲೂ ಸುಟ್ಟ ಮೇಲೂ ಕಾಯಿಯನ್ನು ತೂಗಿ. 300 ಗ್ರಾಂ ಕಾಯಿ 240 ಗ್ರಾಂ ಆಯಿತೆನ್ನಿ. 25 ಡಿಗ್ರಿಯಿಂದ 97 ಡಿಗ್ರಿಗೆ ಕಾಯಿಸಲು ಬೇಕಾದುದು ಸುಮಾರು 20,000 ಕ್ಯಾಲೊರಿ. ಹಾರಿಹೋದ 60 ಗ್ರಾಂ ನೀರಿಗೆ ತಗುಲಿದುದು 32,000ಕ್ಕೂ ಮೇಲೆ. ಬೇಯುವುದಕ್ಕಿಂತ ಒಣಗುವುದಕ್ಕೇ ಹೆಚ್ಚು ಖರ್ಚು! ಆ ಖರ್ಚು ವ್ಯರ್ಥವೇನೂ ಅಲ್ಲ. ನೀರು ಹೋದಷ್ಟೂ ತಿರುಳಿನ ರುಚಿ ಸಾಂದ್ರವಾಗುತ್ತದೆ.

ಕೆಂಡದ ಪಕ್ಕದಲ್ಲಿಯೇ ಬಿಸಿ ಬೂದಿಯಲ್ಲಿ ಹುದುಗಿಸಿದ ಸಿಹಿಗೆಣಸಿಗೆ ಇದಕ್ಕೆ ವಿರುದ್ಧವಾದ ನೀತಿ. ಅಮೆರಿಕ ಖಂಡದಿಂದ ಬಂದ ಈ ಗೆಡ್ಡೆ ಇಂದು ನಮ್ಮ ಸಂಕ್ರಾಂತಿಯ ಸ್ವಂತ ವಸ್ತುವಾಗಿಬಿಟ್ಟಿದೆ. ಅದಕ್ಕೆ ಆತುರ ಸಲ್ಲದು. ಗೆಣಸಿನಲ್ಲಿ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಮಾರ್ಪಡಿಸುವ ಕಿಣ್ವವೊಂದಿದೆ. ಪಿಷ್ಟ ಮೆತ್ತಗಾಗುವ 60–65 ಡಿಗ್ರಿಯ ಹೊತ್ತಿಗೆ ಅದರ ಕೆಲಸ ಭರದಿಂದ ಸಾಗುತ್ತದೆ. 80 ಡಿಗ್ರಿ ದಾಟಿದರೆ ಅದು ಕೆಟ್ಟುಹೋಗುತ್ತದೆ. ಗೆಣಸು ಈ ನಡುವಣ ಹಾದಿಯನ್ನು ಎಷ್ಟು ನಿಧಾನವಾಗಿ ದಾಟಿದರೆ ಅಷ್ಟು ಸಿಹಿ. ಬೂದಿಯ ಕಣಗಳ ನಡುವಣ ಗಾಳಿ ಆ ನಿಧಾನವನ್ನು ಒದಗಿಸುತ್ತದೆ. ಗಾತ್ರವನ್ನೂ ಗಮನಿಸಬೇಕು: ದಪ್ಪ ಇಮ್ಮಡಿಯಾದರೆ ಶಾಖ ನಡುವನ್ನು ಮುಟ್ಟುವ ಕಾಲ ಇಮ್ಮಡಿಯಲ್ಲ, ನಾಲ್ಮಡಿ. ಒಂದೇ ಗಾತ್ರದ ಗೆಣಸುಗಳನ್ನೇ ಆರಿಸಿ ಹುದುಗಿಸತಕ್ಕದ್ದು.

ಇನ್ನು ಗೊಜ್ಜು. ಗುಂಡು ಬದನೆಕಾಯಿಗೆ ತೆಳುವಾಗಿ ಎಣ್ಣೆ ಸವರಿ, ಚುಚ್ಚಿ, ಕೆಂಡದ ಮೇಲಿಟ್ಟು ಹೊರಳಿಸುತ್ತಿರಬೇಕು. ಕುಸಿದ ಮೇಲೆ ಪಾತ್ರೆಯಲ್ಲಿಟ್ಟು ಹತ್ತು ನಿಮಿಷ ಮುಚ್ಚಿದರೆ ಒಳಗಿನ ಆವಿಯೇ ಸಿಪ್ಪೆಯನ್ನು ಸಡಿಲಗೊಳಿಸುತ್ತದೆ. ಸಿಪ್ಪೆಯನ್ನು ಕೈಯಿಂದ ಸುಲಿಯಿರಿ. ನೀರಿನ ಕೆಳಗೆ ಹಿಡಿದು ತೊಳೆದರೆ ಕಷ್ಟಪಟ್ಟು ಗಳಿಸಿದ ಕಂಪೂ ತೊಳೆದುಹೋಗುತ್ತದೆ. ಕರಿಕಾದ ಭಾಗವನ್ನು ತಿನ್ನುವುದು ಒಳ್ಳೆಯದಲ್ಲ, ಇದ್ದಿಲಾಗುವಷ್ಟು ಸುಟ್ಟ ಪದಾರ್ಥದಲ್ಲಿ ಹಾನಿಕರವಾದ ವಸ್ತುಗಳು ಹುಟ್ಟುತ್ತವೆ. ತಿರುಳನ್ನು ಕಿವುಚಿ ಉಪ್ಪು, ಹುಣಿಸೆಯ ರಸ, ಸುಟ್ಟ ಹಸಿಮೆಣಸಿನಕಾಯಿ, ಹೆಚ್ಚಿದ ಈರುಳ್ಳಿ ಬೆರೆಸಿ ಒಗ್ಗರಣೆ ಕೊಡುವುದು. ಚಳ್ಳಕೆರೆಯ ಸೀಮೆ ಕಡಲೆಕಾಯಿಯ ಸೀಮೆ. ಹುರಿದ ಕಡಲೆಕಾಯಿ ಬೀಜದ ಪುಡಿಯನ್ನು ಎರಡು ಚಮಚ ಸೇರಿಸಿದರೆ ಗೊಜ್ಜು ಗಟ್ಟಿಯಾಗಿ ರೊಟ್ಟಿಗೆ ಚೆನ್ನಾಗಿ ಹತ್ತುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಹೊಗೆಯಾಡದ ಕೆಂಡ ನಿರಪಾಯವೆಂಬ ಭಾವನೆ ಅನೇಕರಲ್ಲಿದೆ. ವಸ್ತುಸ್ಥಿತಿ ಇದಕ್ಕೆ ತೀರ ವಿರುದ್ಧ. ಕೆಂಡ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಕೂಡಿಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಎಚ್ಚರ ತಪ್ಪುವುದು. ಮಲಗಿದವರಿಗಂತೂ ಏನಾಯಿತೆಂಬುದೇ ತಿಳಿಯದೆ ಪ್ರಾಣ ಹೋಗಬಹುದು. ಹೊಗೆ ಕಣ್ಣನ್ನಾದರೂ ಉರಿಸಿ ಹೊರಗಟ್ಟುತ್ತದೆ, ಕೆಂಡ ಆ ಉಪಕಾರವನ್ನೂ ಮಾಡದು. ಇದ್ದಿಲ ಒಲೆಯನ್ನು ಅಂಗಳದಲ್ಲಿಯೇ ಇಡತಕ್ಕದ್ದು. ಸಂಕ್ರಾಂತಿಯ ಚಳಿಗೆಂದು ಉಳಿದ ಕೆಂಡವನ್ನು ಮಲಗುವ ಕೋಣೆಗೆ ಒಯ್ದು ಬಾಗಿಲು ಮುಚ್ಚುವುದನ್ನು ಯಾವ ಕಾರಣಕ್ಕೂ ಮಾಡಕೂಡದು.

ಪಟ್ಟಣದ ಮನೆಗಳಲ್ಲಿ ಅಂಗಳವಿಲ್ಲ. ಅಲ್ಲಿ ಗ್ಯಾಸ್ ಒಲೆಯ ಮೇಲೆ ತಂತಿಯ ಜಾಲರಿಯಿಟ್ಟು, ಕಿಟಕಿ ತೆರೆದು ಸುಡಬಹುದು. ನೀಲಿ ಜ್ವಾಲೆಯಲ್ಲಿ ಮಸಿ ಕಡಿಮೆ. ವಿದ್ಯುತ್ ಓವನ್ ಉಳ್ಳವರು 220 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಯವರೆಗೆ ಇಡಬೇಕಾದೀತು. ಅಷ್ಟು ಬಿಸಿಯಿದ್ದೂ ಏಕಿಷ್ಟು ತಡವೆಂದು ಕೇಳಬಹುದು. 220 ಡಿಗ್ರಿಯ ಗಾಳಿಯೊಳಕ್ಕೆ ಒಂದು ಕ್ಷಣ ಕೈ ಚಾಚಿ ಪಾತ್ರೆಯನ್ನು ನೋಡಿ ಬರಬಹುದು. 100 ಡಿಗ್ರಿಯ ನೀರಿನಲ್ಲಿ ಅಷ್ಟೇ ಹೊತ್ತು ಕೈಯಿಟ್ಟರೆ ಬೊಬ್ಬೆ ಏಳುತ್ತದೆ. ಉಷ್ಣತೆ ಹೆಚ್ಚಾಗಿದ್ದರೂ ಗಾಳಿ ಕೊಡುವ ಶಾಖ ಅತಿ ಸ್ವಲ್ಪ. ಓವನ್ನಿನಲ್ಲಿ ಕಾಯಿ ಚೆನ್ನಾಗಿಯೇ ಬೇಯುತ್ತದೆ, ಸಿಪ್ಪೆ ಸುಕ್ಕುಗಟ್ಟಿ ಕಂದಾಗುತ್ತದೆ. ಹೊಗೆಯ ಕಂಪು ಬೇಕಾದವರು ಕೊನೆಯ ಎರಡು ನಿಮಿಷ ಅದನ್ನು ಗ್ಯಾಸಿನ ಜ್ವಾಲೆಗೆ ಹಿಡಿದು ಹೊರಳಿಸಬೇಕು.